ಇವತ್ತು ಯಾವ ಬಣ್ಣ?

ಮದುವೆಯಾಗಿ ದೊಡ್ಡಬಳ್ಳಾಪುರದ ಆ ಮನೆಗೆ ಬಂದಾಗ ನಾನು ಮೊದಲು ಬೆಚ್ಚಿಬಿದ್ದದ್ದು ಅಲ್ಲಿನ ಬಚ್ಚಲು ನೋಡಿ. ಮುಂದಿನ ಹಜಾರದಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ, ಹಿತ್ತಲಲ್ಲಿ ರೇಷ್ಮೆಗೆ ಬಣ್ಣ ಹಾಕುವ ಶೆಡ್ಡು, ಎರಡರ ನಡುವೆ ನಾವು ಬದುಕುವ ಮೂರು ಕೋಣೆ. ಶೆಡ್ಡಿನ ಹಂಡೆಗಳಲ್ಲಿ ಮಿಕ್ಕ ಬಣ್ಣದ ನೀರು ಬಚ್ಚಲಿನ ಮೋರಿಯಲ್ಲೇ ಹಾದು ಬೀದಿಯ ಚರಂಡಿಗೆ ಹೋಗಬೇಕು. ಹಾಗಾಗಿ ಬಚ್ಚಲಿನ ಕಲ್ಲು ಒಂದು ದಿನ ನೀಲಿ, ಒಂದು ದಿನ ಅರಿಶಿನ, ಇನ್ನೊಂದು ದಿನ ಕಡು ಗುಲಾಬಿ. ನನ್ನ ತವರು ನೆಲಮಂಗಲದ ಕಡೆ, ಅಪ್ಪ ಸ್ಕೂಲ್ ಮೇಷ್ಟ್ರು. ನೀರಿಗೆ ಬಣ್ಣ ಇರುತ್ತದೆಂದು ನನಗೇನು ಗೊತ್ತು? ಮೊದಲ ದಿನ ಸ್ನಾನಕ್ಕೆ ಹೋದವಳು ಕಾಲಡಿಯಲ್ಲಿ ಕೆಂಪು ನೀರು ಹರಿದು ಬಂದದ್ದು ಕಂಡು ಕಿಟಾರನೆ ಕಿರುಚಿದೆ. ಬಾಗಿಲಾಚೆ ನಿಂತಿದ್ದ ನನ್ನ ನಾದಿನಿ, ನನ್ನ ಗಂಡನ ತಂಗಿ, ಆಗಿನ್ನೂ ಹದಿನಾರರವಳು, ಬಿದ್ದು ಬಿದ್ದು ನಕ್ಕಳು.

"ಅತ್ತಿಗೆ, ಹೆದ್ರಬೇಡಿ, ರಕ್ತ ಅಲ್ಲ ಅದು! ನಮ್ಮನೇಲಿ ಬಚ್ಚಲಿಗೆ ಹೋಗೋಕ್ ಮುಂಚೆ, ಇವತ್ತು ಯಾವ ಬಣ್ಣ ಅಂತ ಕೇಳ್ಬಿಟ್ಟು ಹೋಗ್ಬೇಕು."



ಆ ಪ್ರಶ್ನೆ ಆ ಮನೆಯಲ್ಲಿ ಕಾಫಿಗಿಂತ ಮುಂಚೆ ಬರುತ್ತಿತ್ತು. ಹಾಲಿನವನು ಚರಂಡಿ ನೋಡಿ, "ಏನಮ್ಮಾ, ಇವತ್ತು ಗಿಣಿ ಹಸಿರಾ?" ಅನ್ನುತ್ತಿದ್ದ. ಪಕ್ಕದ ಮನೆಯವರು ತಮ್ಮ ಸೀರೆಗೆ ರವಿಕೆ ಹೊಂದಿಸಲು ನಮ್ಮ ಚರಂಡಿಯನ್ನು ಇಣುಕುತ್ತಿದ್ದರು. ನಾನೂ ಆರು ತಿಂಗಳಲ್ಲಿ ಕಲಿತುಬಿಟ್ಟೆ. ಕುದಿಯುವ ನೀರಿಗೆ ಬಣ್ಣದ ಪುಡಿ ಕದಡುವುದು, ರೇಷ್ಮೆ ನೂಲಿನ ಲಡಿಗಳನ್ನು ಕೋಲಿಗೆ ಸಿಕ್ಕಿಸಿ ಅದ್ದುವುದು, ತಿರುವುವುದು, ಹಿಂಡುವುದು. ನನ್ನ ಕೈ ಮೊಣಕೈವರೆಗೆ ಯಾವ ಬಣ್ಣದ್ದಿರುತ್ತದೋ ಅದೇ ಅಂದಿನ ಬಣ್ಣ. ತವರಿಗೆ ಹೋದರೆ ಅಮ್ಮ ನನ್ನ ಉಗುರು ನೋಡಿ ಕಣ್ಣಲ್ಲಿ ನೀರು ಹಾಕಿಕೊಳ್ಳುತ್ತಿದ್ದರು, ನನಗೋ ನಗು.

ಒದ್ದೆ ಲಡಿಗಳನ್ನು ಮಾಳಿಗೆ ಮೇಲೆ ಗಳಕ್ಕೆ ಹಾಕಿ ಒಣಗಿಸುವ ಕೆಲಸ ನಾದಿನಿಯದ್ದು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲೇ ಉಳಿದಿದ್ದಳು. ಬಾಯಿ ಬಡುಕಿ. ನನಗೆ ಅಕ್ಕತಂಗಿಯರಿಲ್ಲ, ಅವಳಿಗೂ ಇರಲಿಲ್ಲ, ಹಾಗಾಗಿ ಮಾಳಿಗೆಯ ಮೇಲೆ ನಮ್ಮ ಹರಟೆ ಮುಗಿಯುತ್ತಲೇ ಇರಲಿಲ್ಲ. ಅತ್ತೆ ಕೆಳಗಿನಿಂದ, "ಅತ್ಗೆ ನಾದ್ನಿ ಇಬ್ರೂ ರೇಷ್ಮೆ ಒಣಗಿಸ್ತಿದೀರೋ, ನಾಲ್ಗೆ ಒಣಗಿಸ್ತಿದೀರೋ?" ಎಂದು ಕೂಗುತ್ತಿದ್ದರು. ಅವಳು ನನ್ನ ಜಡೆಯನ್ನು ತನ್ನ ಜಡೆಯೊಂದಿಗೆ ಅಳತೆ ಮಾಡಿ ತನ್ನದೇ ಉದ್ದ ಎಂದು ಗೆಲ್ಲುತ್ತಿದ್ದಳು. ನಿಜಕ್ಕೂ ಅವಳದೇ ಉದ್ದ.

ಅವಳಿಗೆ ಹತ್ತೊಂಬತ್ತು ತುಂಬಿದ ಬೇಸಿಗೆಯಲ್ಲಿ ಕೆನ್ನೆ ಕೆಂಪಾಯಿತು. ಮೂಗಿನ ಆಚೆ ಈಚೆ, ಕುಂಕುಮ ಸವರಿದ ಹಾಗೆ. ಬಿಸಿಲಲ್ಲಿ ನಿಂತು ನಿಂತು ಹಾಗಾಯಿತು ಅಂದುಕೊಂಡೆವು. ಅತ್ತೆ ಶ್ರೀಗಂಧ ತೇಯ್ದು ಹಚ್ಚಿದರು. ಬೆಳಗ್ಗೆ ಎದ್ದರೆ ಅವಳಿಗೆ ಬೆರಳು ಮಡಚಲು ಬರುತ್ತಿರಲಿಲ್ಲ. ಒದ್ದೆ ಲಡಿ ಹಿಂಡುವ ಹುಡುಗಿಗೆ ಬೆರಳು ನೋಯದೆ ಇನ್ನೇನು? ಬಿಸಿ ಉಪ್ಪುನೀರಲ್ಲಿ ಕೈ ಇಡು ಅಂದೆ. ಕೂದಲು ಗುಪ್ಪೆ ಗುಪ್ಪೆ ಉದುರತೊಡಗಿತು. ಬೋರ್‌ವೆಲ್ ನೀರು ಗಡಸು ಎಂದು ಊರೆಲ್ಲ ಬೈಯುತ್ತಿತ್ತು, ನಾವೂ ಬೈದೆವು. ಬಾಯಲ್ಲಿ ಹುಣ್ಣಾದರೆ ಉಷ್ಣ, ಮಜ್ಜಿಗೆ ಕುಡಿ. ಸಂಜೆ ಮೈ ಬೆಚ್ಚಗಾದರೆ ದಣಿವು, ಮಲಗಿಕೋ. ಒಂದೊಂದಕ್ಕೂ ನಮ್ಮಲ್ಲಿ ಒಂದು ಕಾರಣ ಇತ್ತು, ಒಂದು ಮದ್ದಿತ್ತು. ಎಲ್ಲವನ್ನೂ ಒಟ್ಟಿಗಿಟ್ಟು ನೋಡುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಎಳೆ ಹರಿದರೆ ಎಲ್ಲಿ ಹರಿದಿದೆ ಎಂದು ಕಣ್ಣು ಮುಚ್ಚಿ ಹುಡುಕಬಲ್ಲ ಮನೆ ನಮ್ಮದು! ನಮ್ಮ ಜಾಣತನಕ್ಕಿಷ್ಟು ಬೆಂಕಿ ಬೀಳ.

ಅದೇ ಹೊತ್ತಿಗೆ ಬೂದಿಗೆರೆ ಕಡೆಯಿಂದ ಒಂದು ಸಂಬಂಧ ಬಂತು. ಹಿಂದೆ ನಮ್ಮ ಹಾಗೇ ನೇಯುತ್ತಿದ್ದವರು, ಈಗ ಹೊಲ ಮಾಡಿಕೊಂಡಿದ್ದರು. ಹುಡುಗ ಬೆಂಗಳೂರಿನ ಒಂದು ಫ್ಯಾಕ್ಟರಿಗೆ ದಿನಾ ಬಸ್ಸಲ್ಲಿ ಹೋಗಿ ಬರುತ್ತಿದ್ದ. ಅತ್ತೆಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾವ ತೀರಿಹೋಗಿ ಎಷ್ಟೋ ವರ್ಷ, ಮಗಳೊಬ್ಬಳನ್ನು ದಡ ಸೇರಿಸಿದರೆ ಸಾಕೆಂದು ಕಾಯುತ್ತಿದ್ದರು. ಹೆಣ್ಣು ನೋಡಲು ಬರುವ ದಿನ ಗೊತ್ತಾಯಿತು. ಈಗ ನಾನು ಹೇಳಹೊರಟಿರುವುದು ಅದಕ್ಕೆ ಮೂರು ದಿನ ಮುಂಚಿನ ಬೆಳಗಿನ ಸಂಗತಿ.

ದೊಡ್ಡ ಆರ್ಡರು ಬಂದಿತ್ತು, ಎಲ್ಲ ಗಿಣಿ ಹಸಿರು. ಮೂರು ದಿನದಿಂದ ಅದನ್ನೇ ಅದ್ದುತ್ತಿದ್ದೆವು. ಬೆಳಕು ಹರಿಯುವ ಮೊದಲೇ ನಾನು ಶೆಡ್ಡಿನಲ್ಲಿದ್ದೆ, ಮೊದಲ ಹಂಡೆಯನ್ನು ಇನ್ನೂ ಬಗ್ಗಿಸಿರಲಿಲ್ಲ. ನಾದಿನಿ ಬಚ್ಚಲಿಂದ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಳು. ಮುಖ ತೊಳೆದಿರಲಿಲ್ಲ.

"ಅತ್ತಿಗೆ, ಇವತ್ತು ಯಾವ ಬಣ್ಣ?"

ಅವಳ ದನಿ ಬೇರೆ ಇತ್ತು. ಏಕೆ ಕೇಳುತ್ತಿದ್ದಾಳೆಂದು ನನಗೆ ಆ ಕ್ಷಣಕ್ಕೇ ತಿಳಿಯಿತು. ಬಚ್ಚಲಲ್ಲಿ ಕೆಂಪು ಕಂಡು ಬಂದಿದ್ದಳು. ಹಿಂದಿನ ದಿನ ಅವಳ ಲಂಗದ ಅಂಚಲ್ಲಿ ಒಂದು ಕಂದು ಕಲೆ ಕಂಡು, ತಿಂಗಳಿನದೇನೋ ಅಂದುಕೊಂಡು, ಅಲ್ಲವೆಂದು ಲೆಕ್ಕ ಹಾಕಿ, ಸುಮ್ಮನಾಗಿದ್ದವಳು ನಾನೇ. ಇವಳಿಗೆ ಈಗ ನಿಜ ಹೇಳಿದರೆ ಡಾಕ್ಟರ ಹತ್ತಿರ ಹೋಗಬೇಕು. ಹೋದರೆ ಬೀದಿಗೆ ಗೊತ್ತಾಗುತ್ತದೆ. ಹುಡುಗಿಗೆ ಅಲ್ಲೇನೋ ತೊಂದರೆಯಂತೆ ಎಂದು ಒಬ್ಬರು ಅಂದರೆ ಸಾಕು, ಸಂಬಂಧ ಮುರಿಯುತ್ತದೆ. ಇಷ್ಟೂ ನನ್ನ ತಲೆಯಲ್ಲಿ ಒಂದು ಲಡಿ ತಿರುವುವಷ್ಟರಲ್ಲಿ ಹಾದುಹೋಯಿತು.

"ಕೆಂಪು ಕಣೇ," ಅಂದೆ. "ಹಳೇದು ಎಲ್ಲೋ ಮೋರೀಲಿ ಕಟ್ಕೊಂಡಿತ್ತೇನೋ, ಈಗ ಬರ್ತಿದೆ."

ಅವಳು ನನ್ನ ಮುಖ ನೋಡಲಿಲ್ಲ. ನನ್ನ ಕೈ ನೋಡಿದಳು. ಮೊಣಕೈವರೆಗೆ ಹಸಿರಾಗಿದ್ದ ನನ್ನ ಎರಡೂ ಕೈ. ಆಮೇಲೆ "ಹೂಂ" ಎಂದು ಹೋದಳು.

ಅರಿಯದೆ ಅಂದೆ, ಕೆಲಸದ ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದು ಅಂದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅರಿತೇ ಅಂದದ್ದು. ಮದುವೆ ಒಂದಾಗಲಿ, ಆಮೇಲೆ ತೋರಿಸಿದರಾಯಿತು ಎಂದುಕೊಂಡಿದ್ದೆ. ಮನೆಯವರ ಒಳ್ಳೆಯದಕ್ಕೇ ಮಾಡುತ್ತಿದ್ದೇನೆ ಎಂಬ ಭಾವನೆಯೂ ಇತ್ತು.

ಬೂದಿಗೆರೆಯವರು ಬಂದರು. ಅವಳ ಕೆನ್ನೆಗೆ ಪೌಡರು ಬಳಿದು ಬಳಿದು ಸಾಕಾಗಿ, ಕೊನೆಗೆ ಇದ್ದ ಹಾಗೇ ಕೂರಿಸಿದೆ. ಹುಡುಗನ ಚಿಕ್ಕಮ್ಮ ಒಬ್ಬರು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, "ಅಬ್ಬಬ್ಬಾ, ಹುಡ್ಗಿ ಕೆನ್ನೆ ನೋಡಿ, ಟೊಮ್ಯಾಟೊ ಹಣ್ಣು ಇದ್ದಂಗೈತೆ!" ಅಂದರು. ಎಲ್ಲರೂ ನಕ್ಕರು. ನಾದಿನಿ ತಲೆ ತಗ್ಗಿಸಿದಳು, ನಾಚಿದಳು ಎಂದು ಇನ್ನಷ್ಟು ನಕ್ಕರು. ಕಾಯಿಲೆಯನ್ನು ಒಪ್ಪಿ ಮೆಚ್ಚಿ ಹೋದರು. ಆ ಶ್ರಾವಣದಲ್ಲೇ ಮದುವೆ ಆಯಿತು. ಧಾರೆ ಸೀರೆ ನಮ್ಮ ಮಗ್ಗದಲ್ಲೇ ನೇಯ್ದದ್ದು, ಅದರ ಬಣ್ಣ ನಾನೇ ಅದ್ದಿದ್ದು.

ಐದನೇ ತಿಂಗಳಿಗೆ ಅವಳು ತವರಿಗೆ ಬಂದಳು. ಬಸ್ ಸ್ಟ್ಯಾಂಡಿನಿಂದ ನಡೆದು ಬರುತ್ತಿದ್ದವಳನ್ನು ನಾನು ಮೊದಲು ಗುರುತಿಸಲೇ ಇಲ್ಲ. ಮುಖ ದುಂಡಗಾಗಿತ್ತು, ಕಣ್ಣು ಕೆಳಗೆ ತುಂಬಿಕೊಂಡಿತ್ತು, ಪಾದ ಚಪ್ಪಲಿಗೆ ಹಿಡಿಯುತ್ತಿರಲಿಲ್ಲ. ಮೂರು ತಿಂಗಳಿಂದ ಹೊರಗಾಗಿಲ್ಲ ಅಂದಳು. ಅಷ್ಟೇ ಸಾಕಾಯಿತು. ಅತ್ತೆ ಅವಳ ಗಲ್ಲ ಹಿಡಿದು, "ಮೈ ಕೈ ತುಂಬ್ಕೊಂಡು ಲಕ್ಷಣವಾಗಿದಾಳೆ ನನ್ನ ಮಗಳು" ಎಂದು ಲಟಿಗೆ ಮುರಿದು ದೃಷ್ಟಿ ತೆಗೆದರು. ಬೀದಿಗೆಲ್ಲ ಸಕ್ಕರೆ ಹಂಚಿಬಂದರು.

ನಾನು ಅವಳ ಬಯಕೆ ತೀರಿಸಲು ನಿಂತೆ. ಮಾವಿನಕಾಯಿ ಉಪ್ಪಿನಕಾಯಿ, ಉಪ್ಪು ಹಚ್ಚಿದ ನೆಲ್ಲಿಕಾಯಿ, ಹಪ್ಪಳ, ಸಂಡಿಗೆ. ಊದಿದ ಕಾಲಿಗೆ ಬಾರ್ಲಿ ನೀರು. ಅವಳು ತಿನ್ನಲಾರದೆ ತಿನ್ನುತ್ತಿದ್ದಳು, ತಿಂದದ್ದು ವಾಂತಿಯಾದರೆ ನಾವು ಖುಷಿಪಡುತ್ತಿದ್ದೆವು. ಒಂದು ಮಧ್ಯಾಹ್ನ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತ ಹೆಬ್ಬೆರಳು ಒತ್ತಿದೆ. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು, ಕಲಸಿದ ಹಿಟ್ಟಿನ ಮೇಲೆ ಒತ್ತಿದ ಹಾಗೆ. ಇಬ್ಬರೂ ಆ ಗುಳಿಯನ್ನೇ ನೋಡಿದೆವು. "ಅತ್ತಿಗೆ, ಇದು ಮಗು ಅಲ್ಲ ಅನ್ಸುತ್ತೆ," ಅಂದಳು. ಬಹಳ ಸಮಾಧಾನವಾಗಿ ಅಂದಳು. ನಾನು ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟೆ.

ಮಾರನೇ ದಿನ ಊರಿನ ಲೇಡಿ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಹೊಟ್ಟೆ ಮುಟ್ಟಿ ನೋಡಿ, ಬಿಪಿ ನೋಡಿ, ಎರಡನೇ ಸಲ ಬಿಪಿ ನೋಡಿ, ಕುರ್ಚಿಯಲ್ಲಿ ಕೂತರು. ಬಸುರಿ ಅಲ್ಲ, ಈಗಲೇ ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಂದರು. ಮನೆಗೆ ಬಂದು ಹೇಳಿದಾಗ ಅತ್ತೆ ನಂಬಲಿಲ್ಲ, ಆ ಡಾಕ್ಟರಮ್ಮನಿಗೇ ಮಕ್ಕಳಿಲ್ಲ, ಅವಳಿಗೇನು ಗೊತ್ತು ಎಂದು ಜಗಳ ತೆಗೆದರು. ನನ್ನ ಗಂಡ ಅಂದು ಮೊದಲ ಸಲ ತಾಯಿಯ ಮೇಲೆ ಕೂಗಾಡಿ ತಂಗಿಯನ್ನು ಕಾರಿಗೆ ಹತ್ತಿಸಿದರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಎರಡೂ ಕಿಡ್ನಿ ಕೆಲಸ ನಿಲ್ಲಿಸುತ್ತ ಬಂದಿವೆ ಅಂದರು. ಏಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು. ಹೀಗೆ ಹತ್ತು ದಿನ ಹೋಯಿತು. ಅವಳ ಗಂಡ ದಿನಾ ಫ್ಯಾಕ್ಟರಿ ಮುಗಿಸಿ ಬರುತ್ತಿದ್ದ, ತಂಪು ಎಂದು ಎಳನೀರು ತರುತ್ತಿದ್ದ. ಕಿಡ್ನಿ ಕೆಟ್ಟವರಿಗೆ ಎಳನೀರು ವಿಷದ ಹಾಗೆ ಎಂದು ನರ್ಸ್ ಬೈದ ದಿನ ಆ ಹುಡುಗ ಕೊಚ್ಚಿದ ಎಳನೀರನ್ನು ಕೈಯಲ್ಲಿ ಹಿಡಿದುಕೊಂಡು ವರಾಂಡದಲ್ಲಿ ಅತ್ತ. ಪಾಪದ ಹುಡುಗ. ಅವನಿಗೆ ನಾವು ಏನನ್ನು ಮುಚ್ಚಿಟ್ಟು ಮದುವೆ ಮಾಡಿದ್ದೇವೆಂದು ಅವನಿಗೆ ತಿಳಿದಿರಲಿಲ್ಲ. ನಾನು ಅವನ ಕೈಯಿಂದ ಎಳನೀರು ತೆಗೆದುಕೊಂಡು ನಲ್ಲಿಯ ಕೆಳಗೆ ಸುರಿದೆ.

ಹನ್ನೊಂದನೇ ದಿನ ಬೇರೆ ಡಾಕ್ಟರೊಬ್ಬರು ಬಂದರು. ಹೆಂಗಸು, ನನ್ನಷ್ಟೇ ವಯಸ್ಸು. ರಿಪೋರ್ಟು ನೋಡುವ ಮೊದಲು ನಾದಿನಿಯ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ಆಮೇಲೆ ಬೆರಳಿನ ಗೆಣ್ಣು ಒತ್ತಿದರು, ಬಾಯಿ ತೆಗೆಸಿ ಅಂಗುಳ ನೋಡಿದರು, ತಲೆಯ ಕೂದಲು ಬಿಡಿಸಿದರು. ಬಿಸಿಲಿಗೆ ಹೋದರೆ ಮುಖ ಉರಿಯುತ್ತಾ? ಬೆಳಗ್ಗೆ ಮುಷ್ಟಿ ಹಿಡಿಯೋಕಾಗುತ್ತಾ? ಸಂಜೆ ಜ್ವರ? ಬಾಯಿ ಹುಣ್ಣು? ಎಲ್ಲದಕ್ಕೂ ಹೌದು. ನಾನು ಪಕ್ಕದಲ್ಲಿ ನಿಂತು ಒಂದೊಂದಕ್ಕೂ ನಮ್ಮ ಕಾರಣ ಹೇಳುತ್ತ ಹೋದೆ, ಬಿಸಿಲು, ಹಿಂಡುವ ಕೆಲಸ, ಬೋರ್‌ವೆಲ್ ನೀರು. ಅವರು ತಾಳ್ಮೆಯಿಂದ ಕೇಳಿ, "ಇವೆಲ್ಲ ಬೇರೆ ಬೇರೆ ಅಲ್ಲಮ್ಮಾ, ಎಲ್ಲಾ ಒಂದೇ ಕಾಯಿಲೆ," ಅಂದರು. "ಮೈಯನ್ನ ಕಾಯೋ ಶಕ್ತಿ ಅಂತ ಇರುತ್ತಲ್ಲಾ, ಅದು ತಲೆ ತಿರುಗಿ ತನ್ನ ಮೈನೇ ಹಾಳು ಮಾಡ್ತಿದೆ. ಮೊದ್ಲು ಚರ್ಮ, ಕೀಲು. ಆಮೇಲೆ ಕಿಡ್ನಿಗೆ ಇಳಿದಿದೆ. ಲೂಪಸ್ ಅಂತಾರೆ. ಹೀಗೆ ವಯಸ್ಸಿನ ಹುಡ್ಗೀರಿಗೇ ಜಾಸ್ತಿ."

ಅತ್ತೆ ನೆಲದ ಮೇಲೆ ಕೂತಿದ್ದರು. "ಸಾಕಿದ ನಾಯಿ ಮನೆಯೋರ್ನೇ ಕಚ್ಚಿದಂಗಾ ತಾಯಿ?" ಅಂದರು. ಡಾಕ್ಟರು ಒಂದು ಕ್ಷಣ ಅವರನ್ನೇ ನೋಡಿ, "ಹೌದಮ್ಮಾ, ಹಂಗೇ" ಅಂದರು.

ಆಮೇಲೆ ಅವರು ಕೇಳಿದ ಪ್ರಶ್ನೆ ನಾನು ಹನ್ನೊಂದು ದಿನದಿಂದ ಹೆದರಿ ಕಾಯುತ್ತಿದ್ದದ್ದು. "ಯೂರಿನ್ ಕೆಂಪಗೆ ಹೋಗ್ತಿದ್ದದ್ದು, ನೊರೆ ಬರ್ತಿದ್ದದ್ದು ಯಾವಾಗಿಂದ? ನೋಡಿರ್ಲಿಲ್ವಾ?"

ನಾದಿನಿ ನನ್ನ ಕಡೆ ತಿರುಗಿದಳು. ಊದಿದ ಆ ಮುಖದಲ್ಲಿ ಕಣ್ಣು ಮಾತ್ರ ಹಳೆಯ ಹುಡುಗಿಯವು. ನನ್ನನ್ನು ನೋಡುತ್ತಲೇ ಡಾಕ್ಟರಿಗೆ ಹೇಳಿದಳು: "ಗೊತ್ತಾಗ್ಲಿಲ್ಲ ಮೇಡಂ. ನಮ್ದು ಬಣ್ಣದ ಮನೆ. ಬಚ್ಚಲಲ್ಲಿ ದಿನಾ ಒಂದೊಂದು ಬಣ್ಣ ಇರುತ್ತೆ."

ನನ್ನನ್ನು ಕಾಪಾಡಿದಳು. ನಾನು ಬಾಯಿ ಬಿಡಲಿಲ್ಲ. ಡಾಕ್ಟರು ತಲೆ ಆಡಿಸಿ ಬರೆದುಕೊಂಡು ಹೋದರು. ಹೊರಗೆ ಓಡಿಹೋಗಿ ಮೆಟ್ಟಿಲ ಬಳಿ ಅವರನ್ನು ನಿಲ್ಲಿಸಿದೆ, ನಿಜ ಹೇಳಿಬಿಡುತ್ತೇನೆ ಎಂದೇ ಓಡಿದ್ದು. ಬಾಯಿಂದ ಬಂದದ್ದು ಮಾತ್ರ, "ಮುಂಚೆನೇ ಕರ್ಕೊಂಡ್ ಬಂದಿದ್ರೆ?" ಎಂಬ ಮಾತು. ಅವರು ಹೇಳಿದರು: "ಕೆಂಪಗಾದ ಶುರುವಿಗೇ ಬಂದಿದ್ರೆ ಔಷಧಕ್ಕೆ ಬಗ್ತಿತ್ತೇನೋ. ಎಷ್ಟೋ ಹುಡ್ಗೀರು ಹಂಗೆ ಚೆನ್ನಾಗಿದಾರೆ. ಈಗ ಅದನ್ನೆಲ್ಲ ಕೇಳ್ಬೇಡಿ, ಈಗ ಆಗೋದನ್ನ ಮಾಡೋಣ."

ಆಗುವುದನ್ನೆಲ್ಲ ಮಾಡಿದರು. ಅವಳ ರಕ್ತವನ್ನು ಮಿಷನ್ನಿನಲ್ಲಿ ಶುದ್ಧ ಮಾಡಿದರು, ದೊಡ್ಡ ದೊಡ್ಡ ಇಂಜೆಕ್ಷನ್ ಕೊಟ್ಟರು. ನಡುವೆ ಒಂದು ವಾರ ಅವಳು ಎದ್ದು ಕೂತು ನನ್ನ ಜಡೆ ಎಳೆದು, "ಈಗ ನಿಮ್ದೇ ಉದ್ದ ಅತ್ತಿಗೆ, ಗೆದ್ರಿ," ಅಂದಳು. ಅವಳ ತಲೆಯಲ್ಲಿ ಆಗ ಹಿಡಿಯಷ್ಟು ಕೂದಲಿತ್ತು. ಮುಂದಿನ ವಾರ ನಂಜು ಏರಿತು. ಒಂದು ಮಧ್ಯಾಹ್ನ, ಊಟದ ಗಾಡಿ ವಾರ್ಡಿಗೆ ಬರುವ ಹೊತ್ತಿಗೆ, ತೀರಿಹೋದಳು. ಇಪ್ಪತ್ತು ತುಂಬಲು ಇನ್ನೂ ಎರಡು ತಿಂಗಳಿತ್ತು.

ಅದಾದ ಮೇಲೆ ನಾನು ಆ ಬಚ್ಚಲಿಗೆ ಹೋಗಲು ಹೆದರತೊಡಗಿದೆ. ದೆವ್ವ ಗಿವ್ವ ಅಲ್ಲ. ಬಾಗಿಲು ಹಾಕಿಕೊಂಡ ಕೂಡಲೇ ಹೊರಗೆ ಯಾರೋ ನಿಂತಿದ್ದಾರೆ ಅನ್ನಿಸುತ್ತಿತ್ತು. ನಗುವುದಿಲ್ಲ, ಮಾತಾಡುವುದಿಲ್ಲ, ಸುಮ್ಮನೆ ಉತ್ತರಕ್ಕೆ ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು. ಬೆಳಗ್ಗೆ ಎದ್ದು ಮೊದಲು ಕೊಡಗಟ್ಟಲೆ ನೀರು ಹೊಯ್ದು ಕಲ್ಲು ಉಜ್ಜುತ್ತಿದ್ದೆ, ಕಲೆ ಹೋಗುತ್ತಿರಲಿಲ್ಲ. ಕೆಂಪು ಅದ್ದುವ ದಿನ ತಲೆನೋವೆಂದು ಮಲಗಿಬಿಡುತ್ತಿದ್ದೆ. ಹಾಲಿನವನು ಚರಂಡಿ ನೋಡಿ ಬಾಯಿ ತೆರೆದರೆ ಚೊಂಬನ್ನು ಕುಕ್ಕಿ ಒಳಗೆ ಬರುತ್ತಿದ್ದೆ. ಅವನು ಪಾಪ, ಆಮೇಲೆ ಬಣ್ಣದ ವಿಚಾರ ಎತ್ತಲೇ ಇಲ್ಲ. ಮನೆಯಲ್ಲೂ ಆ ಪ್ರಶ್ನೆ ನಿಂತುಹೋಯಿತು. ಅತ್ತೆಯಂತೂ ಶೆಡ್ಡಿನ ಕಡೆಗೇ ಹಾಯುತ್ತಿರಲಿಲ್ಲ. ಮಗಳನ್ನು ಕಳಕೊಂಡ ತಾಯಿ ಎಂದು ನಾನು ತಿಳಿದೆ.

ಗಂಡನ ಪ್ರಾಣ ತಿಂದು, ಬಣ್ಣದ ನೀರಿಗೆ ಹಿತ್ತಲಿಂದಲೇ ಬೇರೆ ಮೋರಿ ತೋಡಿಸಿದೆ. ಬಚ್ಚಲಿಗೆ ಬಿಳಿ ಟೈಲ್ಸ್ ಹಾಕಿಸಿದೆ. ಆ ಕಾಲಕ್ಕೆ ನಮ್ಮ ಬೀದಿಯಲ್ಲಿ ಬಿಳಿ ಟೈಲ್ಸಿನ ಬಚ್ಚಲು ಯಾರಿಗೂ ಇರಲಿಲ್ಲ. "ಮೇಷ್ಟ್ರ ಮಗಳ ಜಂಬ" ಅಂದರು ಜನ. ಅನ್ನಲಿ. ಬಿಳಿಯ ಮೇಲೆ ಏನಿದ್ದರೂ ಕಾಣುತ್ತದೆ, ನನಗೆ ಬೇಕಾಗಿದ್ದದ್ದು ಅಷ್ಟೇ. ಯಾರ ಮನೆಗೆ ಹೋದರೂ ವಯಸ್ಸಿನ ಹುಡುಗಿಯರ ಮುಖ ನೋಡುವುದು ನನಗೆ ಚಟವಾಯಿತು. ಮದುವೆ ಮನೆಗಳಲ್ಲಿ ಕೆಂಪು ಕೆನ್ನೆಯ ಹುಡುಗಿ ಎದುರಾದರೆ ಊಟದ ಎಲೆ ಬಿಟ್ಟು ಏಳುತ್ತಿದ್ದೆ.

ಏಳೆಂಟು ವರ್ಷ ಹೀಗೇ ಕಳೆಯಿತು. ತೊಂಬತ್ತರ ದಶಕ ಅರ್ಧ ದಾಟಿತ್ತು. ಪಕ್ಕದ ಮನೆಗೆ ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣದ ಕಡೆಯಿಂದ ಒಬ್ಬ ಸೊಸೆ ಬಂದಳು. ಮದುವೆಯಾಗಿ ವರ್ಷವಾಗಿರಲಿಲ್ಲ. ಒಂದು ಬೆಳಗ್ಗೆ ನಾನು ಮಾಳಿಗೆ ಮೇಲೆ ಸಂಡಿಗೆ ಇಡುತ್ತಿದ್ದಾಗ ಗೋಡೆಯಾಚೆ ಅವಳ ಅತ್ತೆ ಯಾರಿಗೋ ಹೇಳುತ್ತಿದ್ದರು. "ನಮ್ಮ ರಾಣಿಯೋರು ಹತ್ತು ಗಂಟೆವರ್ಗೂ ಕೈ ಮಡಚಲ್ಲ ಕಣ್ರೀ. ಬೆರಳು ಹಿಡ್ಕೊಂಡೈತಂತೆ. ಬಿಸಿಲಿಗೆ ಕಳ್ಸಿದ್ರೆ ಮುಖ ಉರಿಯುತ್ತಂತೆ. ಹೊಲ್ದೋರ ಮನೆ ಹುಡ್ಗಿ, ಬಿಸಿಲು ಕಂಡಿಲ್ವಾ?"

ಸಂಡಿಗೆ ಹಿಟ್ಟಿನ ಕೈಯಲ್ಲೇ ಮೆಟ್ಟಿಲಿಳಿದು ಅವರ ಮನೆಗೆ ಹೋದೆ. ಹುಡುಗಿ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಅವಳ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದೆ. ಮೂಗಿನ ಆಚೆ ಈಚೆ ಕುಂಕುಮ ಸವರಿದ ಹಾಗಿತ್ತು. ಬಾಯಿ ತೆಗಿ ಅಂದೆ. ಪಾಪ, ಹೆದರಿ ತೆಗೆದಳು. ಕಾಲು ಮುಂದಿಡು ಅಂದು ಹೆಬ್ಬೆರಳು ಒತ್ತಿದೆ. ಸ್ವಲ್ಪವೇ ಗುಳಿ ಬಿತ್ತು, ಮೆಲ್ಲಗೆ ಮುಚ್ಚಿಕೊಂಡಿತು. ಅವಳ ಅತ್ತೆ ಬಾಗಿಲಲ್ಲಿ ನಿಂತು, "ಏನ್ರೀ ಇದು, ನಮ್ಮ ಸೊಸೆ ಏನು ಸಂತೆ ಎಮ್ಮೆನಾ?" ಎಂದು ಸಿಡುಕಿದರು. ನಾನು ಅವಳ ಕೈ ಹಿಡಿದು ಎಳೆದುಕೊಂಡು ನಮ್ಮ ಮನೆಗೆ ಬಂದೆ. ನಾಚಿಕೆ ಬಿಟ್ಟು ಹೇಳಿದೆ: "ನಮ್ಮ ಬಚ್ಚಲಿಗೆ ಹೋಗು. ಎದ್ಮೇಲೆ ನೀರು ಹೊಯ್ಬೇಡ. ಹಂಗೇ ಬಂದು ನನ್ನ ಕರಿ."

ಬಿಳಿ ಟೈಲ್ಸಿನ ಮೇಲೆ ನೊರೆ. ಸೋಪಿನ ನೀರು ಚೆಲ್ಲಿದ ಹಾಗೆ, ಎಷ್ಟು ಹೊತ್ತು ನಿಂತರೂ ಆರದ ನೊರೆ. ಅದರ ಬಣ್ಣವೂ ಸರಿಯಿರಲಿಲ್ಲ. ಹುಡುಗಿ ನನ್ನ ಮುಖ ನೋಡುತ್ತಿದ್ದಳು. "ಆಂಟಿ, ಏನಾದ್ರೂ ತೊಂದ್ರೆನಾ?" ಅಂದಳು.

"ತೊಂದ್ರೆನೇ," ಅಂದೆ. ಎಷ್ಟು ಸುಲಭದ ಮಾತು! ಬಾಯಿ ತೆರೆದರೆ ಆಯಿತು.

ಆಮೇಲಿನ ರಂಪವನ್ನು ಉದ್ದ ಹೇಳುವುದಿಲ್ಲ. ಹೊಸ ಸೊಸೆಗೆ ರೋಗ ಹೊರಿಸಿ ಮನೆ ಮುರಿಯುತ್ತಿದ್ದೇನೆ ಎಂದು ಅವಳ ಅತ್ತೆ ಬೀದಿಯಲ್ಲಿ ನಿಂತು ನನಗೆ ಬೈದರು. ನಾನೂ ಬಿಡಲಿಲ್ಲ. ನನ್ನ ನಾದಿನಿಯ ಫೋಟೋ ಗೋಡೆಯಿಂದ ಇಳಿಸಿ ತಂದು ಅವರ ಮುಂದೆ ಹಿಡಿದೆ. ಮದುವೆಯ ಫೋಟೋ ಅದು. "ಈ ಕೆನ್ನೆ ನೋಡಿ, ನಿಮ್ಮ ಸೊಸೆ ಕೆನ್ನೆ ನೋಡಿ," ಅಂದೆ. ಆಕೆ ನೋಡಿದರು. ಆಮೇಲೆ ತಣ್ಣಗೆ, "ಯಾವ ಬಸ್ಸಿಗೆ ಹೋಗ್ಬೇಕು?" ಅಂದರು.

ಅದೇ ಡಾಕ್ಟರನ್ನು ಹುಡುಕಿಕೊಂಡು ಹೋದೆವು. ತಲೆಯಲ್ಲಿ ಒಂದೆರಡು ಬಿಳಿ ಕೂದಲು ಬಂದಿತ್ತು ಅವರಿಗೆ. ನನ್ನ ಗುರುತು ಅವರಿಗೆ ಹತ್ತಲಿಲ್ಲ, ಹತ್ತುವುದು ಬೇಡವೆಂದೇ ನಾನೂ ಬಯಸಿದ್ದೆ. ರಕ್ತ ನೋಡಿದರು, ಬೆನ್ನ ಕಡೆಯಿಂದ ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ನೋಡಿದರು. ಅದೇ ಕಾಯಿಲೆ. ಆದರೆ ಕಿಡ್ನಿ ಇನ್ನೂ ಹಾಳಾಗಿರಲಿಲ್ಲ. "ಯಾರು ಗುರ್ತಿಸಿದ್ದು ಇದನ್ನ, ಇಷ್ಟು ಬೇಗ?" ಎಂದು ಡಾಕ್ಟರು ಕೇಳಿದಾಗ ಆ ಹುಡುಗಿ ನನ್ನ ಕಡೆ ಕೈ ತೋರಿಸಿದಳು. ಡಾಕ್ಟರು ನನಗೆ ಶಹಬ್ಬಾಸ್ ಅಂದರು. ನನಗೆ ಆಸ್ಪತ್ರೆಯ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಹುಡುಗಿ ಉಳಿದಳು. ಮಾತ್ರೆಗೆ ಮುಖ ಊದಿತು, ಆಮೇಲೆ ಇಳಿಯಿತು. ವರ್ಷ ತುಂಬುವಷ್ಟರಲ್ಲಿ ಎಲ್ಲ ಹದಕ್ಕೆ ಬಂತು, ಇನ್ನು ಮೂರು ತಿಂಗಳಿಗೊಮ್ಮೆ ಬಂದರೆ ಸಾಕು ಅಂದರಂತೆ. ಆ ದಿನ ಅವಳು ಸ್ವೀಟ್ ಬಾಕ್ಸ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ನನ್ನ ಕಾಲಿಗೆ, ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ, ಕೂತು ಕಾಫಿ ಕುಡಿದು ಹೋದಳು. ನಾನೂ ಅತ್ತೆಯೂ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತ ಉಳಿದೆವು. ಅಂದು ಕರೆಂಟ್ ಇರಲಿಲ್ಲ, ಮಗ್ಗಗಳು ನಿಂತಿದ್ದವು.

"ನಿನಗೊಂದು ಹೇಳ್ಬೇಕು ಕಣಮ್ಮಾ," ಅಂದರು ಅತ್ತೆ, ತಲೆ ಎತ್ತದೆ. "ನನ್ನ ಮಗಳು ಅವತ್ತು ನನ್ನ ಹತ್ರ ಬಂದು ಕೇಳಿದ್ಲು. ಇವತ್ತು ಯಾವ ಬಣ್ಣ ಅಂತ."

ಎಷ್ಟೋ ಸಾವಿರ ಸಲ ಕೇಳಿರುತ್ತಾಳೆ ಆ ಪ್ರಶ್ನೆಯನ್ನು, ಆದರೆ "ಅವತ್ತು" ಯಾವತ್ತೆಂದು ನನಗೆ ಹೇಳಬೇಕಾಗಿರಲಿಲ್ಲ. "ನನ್ನನ್ನೂ ಕೇಳಿದ್ಲು ಅತ್ತೆ," ಅಂದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟು ಅಂದದ್ದು. "ನಾನು ಸುಳ್ಳು ಹೇಳ್ದೆ. ಕೆಂಪು ಅಂದೆ."

"ಗೊತ್ತು. ನಿನ್ನ ಕೇಳಿದ್ಮೇಲೇ ನನ್ನ ಹತ್ರ ಬಂದಿದ್ದು. ಅಮ್ಮಾ, ಅತ್ತಿಗೆ ಕೆಂಪು ಅಂತಾರೆ, ಅವ್ರ ಕೈ ಹಸಿರಾಗೈತೆ, ನೀನು ನಿಜ ಹೇಳು ಅಂದ್ಲು." ಅತ್ತೆ ಮೊರದಲ್ಲಿದ್ದ ಕಾಳನ್ನು ಕೈಯಲ್ಲಿ ಸರಿಸಿದರು. "ಅವ್ಳ ಒಳಲಂಗ ನಾನೇ ಒಗೀತಿದ್ದೆ ಕಣಮ್ಮಾ. ಹದಿನೈದು ದಿನದಿಂದ ನೋಡ್ತಿದ್ದೆ. ಆದ್ರೂ, ಅತ್ತಿಗೆ ಹೇಳಿದ್ಮೇಲೆ ಇನ್ನೇನೇ, ಕೆಂಪೇ, ಹೋಗಿ ಸ್ನಾನ ಮಾಡು ಅಂದ್ಬಿಟ್ಟೆ."

ಅವಳು ನನ್ನ ಮಾತು ನಂಬಿದಳು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ, ನಂಬಿ ಕೆಟ್ಟಳು ಎಂದೇ ಅಳುತ್ತಿದ್ದೆ. ಅವಳು ನಂಬಿರಲೇ ಇಲ್ಲ. ನನ್ನ ಬಳಿಯಿಂದ ಹೋಗಿ, ತನ್ನ ತಾಯಿಯನ್ನು ಇನ್ನೊಂದು ಸಲ ಕೇಳಿದ್ದಳು. ಆಮೇಲೆ ಕೇಳಲು ಆ ಮನೆಯಲ್ಲಿ ಮತ್ತೊಬ್ಬ ಹೆಂಗಸು ಇರಲಿಲ್ಲ.